ಮರ್ಜ್ ಕ್ಯೂ ಯಾವಾಗ ಹಾಕಬೇಕು: ಬೆಳೆಯುತ್ತಿದ್ದ ಒಂದು ತಂಡದ ಪ್ರಕರಣ ಅಧ್ಯಯನ

ಸಣ್ಣ ವ್ಯಾಪಾರಿಗಳಿಗೆ ಬಿಲ್ಲಿಂಗ್ ಮತ್ತು ಜಿಎಸ್‌ಟಿ ರಿಟರ್ನ್ ತಂತ್ರಾಂಶ ಮಾಡಿಕೊಡುವ, ಬೆಂಗಳೂರು ಮತ್ತು ಮೈಸೂರಿನಲ್ಲಿ ಕಚೇರಿ ಇರುವ ಒಂದು ಕಂಪನಿಯ ಪ್ರಕರಣ ಇದು. ಮರ್ಜ್ ಕ್ಯೂ ಎಂದರೆ, ಮುಖ್ಯ ಕೋಡ್‌ಗೆ ಸೇರಬೇಕಾದ ಬದಲಾವಣೆಗಳನ್ನು ಸಾಲಿನಲ್ಲಿ ನಿಲ್ಲಿಸಿ, ಒಟ್ಟಿಗೆ ಪರೀಕ್ಷಿಸಿ ಸೇರಿಸುವ ವ್ಯವಸ್ಥೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಅಂಕಿಗಳನ್ನು ದುಂಡು ಮಾಡಲಾಗಿದೆ.

ಹಿನ್ನೆಲೆ

ಈ ತಂಡದ ಕ್ಯಾಲೆಂಡರನ್ನು ಆಳುವುದು ಎರಡು ತಾರೀಖು. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆಯ ಸಾರಾಂಶ) ಸಲ್ಲಿಸುವ ಕೊನೆಯ ದಿನ. ಆ ದಿನಗಳ ಹಿಂದುಮುಂದು ಗ್ರಾಹಕರ ಕರೆ ಹೆಚ್ಚು, ತುರ್ತು ತಿದ್ದುಪಡಿಯೂ ಹೆಚ್ಚು. ಕೋಡೆಲ್ಲ ಒಂದೇ ರೆಪೊದಲ್ಲಿದೆ (ಕೋಡ್ ಭಂಡಾರ): ಜಾವಾ ಮತ್ತು ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಎದುರಿಗೆ ರಿಯಾಕ್ಟ್. ಬಿಲ್ಡ್ ಮತ್ತು ಟೆಸ್ಟ್ ಓಡುವುದು ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ.

ಒಂಬತ್ತು ಡೆವಲಪರ್‌ಗಳಿದ್ದಾಗ ದಿನಕ್ಕೆ ಆರು ಪಿಆರ್ (ಪುಲ್ ರಿಕ್ವೆಸ್ಟ್, ಅಂದರೆ ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬರುತ್ತಿತ್ತು, ಟೆಸ್ಟ್ 12 ನಿಮಿಷದಲ್ಲಿ ಮುಗಿಯುತ್ತಿತ್ತು. ಪಿಆರ್ ಹಸಿರಾದರೆ (ಟೆಸ್ಟ್ ಪಾಸಾದರೆ ಹಸಿರು, ಬಿದ್ದರೆ ಕೆಂಪು), ಒಬ್ಬರು ಒಪ್ಪಿಗೆ ಕೊಟ್ಟರೆ, ಬರೆದವರೇ ಮರ್ಜ್ ಒತ್ತಿ ಅದನ್ನು ‘ಮೇನ್’ ಎಂಬ ಮುಖ್ಯ ಬ್ರಾಂಚಿಗೆ ಸೇರಿಸುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಒಂದೂವರೆ ವರ್ಷದಲ್ಲಿ ಡೆವಲಪರ್‌ಗಳು 34 ಆದರು, ಪಿಆರ್ ದಿನಕ್ಕೆ 30ರ ಸುತ್ತ ಬಂತು, ಟೆಸ್ಟ್ 38 ನಿಮಿಷಕ್ಕೆ ಏರಿತು. ನಿಯಮ ಮಾತ್ರ ಹಳೆಯದೇ ಉಳಿಯಿತು.

ಸಮಸ್ಯೆ

ತಂಡ ಎಚ್ಚೆತ್ತುಕೊಂಡದ್ದು ವಿಳಂಬ ಶುಲ್ಕದ ವಿಷಯದಲ್ಲಿ. ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ. ಕೇಂದ್ರದ ಪಾಲು 25, ರಾಜ್ಯದ ಪಾಲು 25. ಇದನ್ನು ಲೆಕ್ಕ ಹಾಕುವ ಫಂಕ್ಷನ್ ರೂಪಾಯಿಯಲ್ಲಿ ಉತ್ತರ ಕೊಡುತ್ತಿತ್ತು. ದಶಮಾಂಶದ ತೊಂದರೆ ತಪ್ಪಿಸಲು ಒಬ್ಬ ಡೆವಲಪರ್ ಹಣವನ್ನೆಲ್ಲ ಪೈಸೆಗೆ ಬದಲಿಸಿ, ಆ ಫಂಕ್ಷನ್ ಕರೆಯುವ ಎಲ್ಲ ಕಡೆ ತಿದ್ದಿ ಪಿಆರ್ ಹಾಕಿದರು. ಅದೇ ವಾರ ಇನ್ನೊಬ್ಬರು ಬಾಕಿ ವರದಿಯ ಹೊಸ ಪುಟ ಬರೆದು, ಅಲ್ಲಿ ಅದೇ ಫಂಕ್ಷನ್ ಕರೆದರು, ಹಳೆಯ ಮೇನ್ ಬ್ರಾಂಚ್ ನೋಡಿಕೊಂಡು. ಎರಡೂ ಪಿಆರ್ ಹಸಿರು. ಎರಡೂ ಮುಟ್ಟಿದ ಫೈಲುಗಳು ಬೇರೆ ಬೇರೆ, ಆದ್ದರಿಂದ ಗಿಟ್‌ಗೆ ಯಾವ ಕಾನ್‌ಫ್ಲಿಕ್ಟೂ (ಘರ್ಷಣೆ) ಕಾಣಲಿಲ್ಲ. ಎರಡೂ ಸೇರಿದ ಮೇಲೆ ಹೊಸ ಪುಟ ಪೈಸೆಯನ್ನೇ ರೂಪಾಯಿಯೆಂದು ಓದಿ, ಒಂದು ದಿನದ ವಿಳಂಬಕ್ಕೆ 5,000 ರೂಪಾಯಿ ತೋರಿಸಿತು.

ಇದನ್ನು ಹಿಡಿಯುವ ಟೆಸ್ಟ್ ಇತ್ತು. ಎರಡನೆಯ ಪಿಆರ್‌ನಲ್ಲೇ ಇತ್ತು, ಮರ್ಜ್ ಆದ ಮೇಲೆ ಮೇನ್‌ನಲ್ಲಿ ಓಡಿ ಬಿದ್ದಿತ್ತು ಕೂಡ. ಆದರೆ ಮೇನ್ ಅದಕ್ಕೂ ಮೊದಲೇ ಬೇರೆ ಯಾವುದೋ ಟೆಸ್ಟ್‌ನಿಂದ ಕೆಂಪಾಗಿತ್ತು. ವಾರಕ್ಕೆ ಮೂರು ನಾಲ್ಕು ಸಲ ‘ಮೇನ್ ಕೆಂಪಾಗಿದೆ, ಯಾರೂ ಮರ್ಜ್ ಮಾಡಬೇಡಿ’ ಎಂಬ ಸಂದೇಶ ಗುಂಪಿಗೆ ಬರುತ್ತಿದ್ದುದರಿಂದ ಕೆಂಪು ಬಣ್ಣಕ್ಕೆ ಅರ್ಥವೇ ಉಳಿದಿರಲಿಲ್ಲ. ತಪ್ಪು ಸಿಕ್ಕಿದ್ದು ಸ್ಟೇಜಿಂಗ್ ಎಂಬ ಪರೀಕ್ಷಾ ತಾಣದಲ್ಲಿ, ಗ್ರಾಹಕರಿಗೆ ಹೋಗುವ ಹಿಂದಿನ ಸಂಜೆ.

ಅಂದರೆ ಎರಡು ರೋಗ ಒಟ್ಟಿಗೇ ಇದ್ದವು. ಒಂಟಿಯಾಗಿ ಸರಿ ಇರುವ ಎರಡು ಬದಲಾವಣೆ ಜೊತೆಯಾದಾಗ ಮುರಿಯುವುದು ಒಂದು. ಟೆಸ್ಟ್ ಹೇಳಿದ್ದನ್ನು ಯಾರೂ ನಂಬದಿರುವುದು ಇನ್ನೊಂದು. ತಂಡ ಮೊದಲನೆಯದಕ್ಕೆ ಮಾತ್ರ ಮದ್ದು ಹುಡುಕಿತು, ಮುಂದಿನ ನಾಲ್ಕು ತಿಂಗಳು ಅದಕ್ಕೇ ಹೋಯಿತು.

ಮೊದಲ ಪ್ರಯತ್ನಗಳು

ಕೈಗೆ ಸುಲಭವಾಗಿ ಸಿಕ್ಕಿದ್ದು, ಮರ್ಜ್‌ಗೆ ಮುನ್ನ ಬ್ರಾಂಚ್ ಮೇನ್‌ನೊಂದಿಗೆ ಅಪ್‌ಡೇಟ್ ಆಗಿರಲೇಬೇಕು ಎಂಬ ಗಿಟ್‌ಹಬ್ ಸೆಟ್ಟಿಂಗ್. ತತ್ವ ಸರಿಯೇ. ಆದರೆ ಒಂದು ಪಿಆರ್ ಮರ್ಜ್ ಆದ ಕ್ಷಣ ಉಳಿದವೆಲ್ಲ ಹಳತಾಗುತ್ತವೆ, ಮತ್ತೆ ಅಪ್‌ಡೇಟ್, ಮತ್ತೆ 38 ನಿಮಿಷ. ಹತ್ತು ಪಿಆರ್ ಸಿದ್ಧವಾಗಿ ನಿಂತಿದ್ದು ಎಲ್ಲರೂ ಅಪ್‌ಡೇಟ್ ಒತ್ತುತ್ತಾ ಹೋದರೆ 10, 9, 8 ಎಂದು ಇಳಿಯುತ್ತಾ ಒಟ್ಟು 55 ರನ್ (ಟೆಸ್ಟ್‌ನ ಓಟ) ಆಗುತ್ತದೆ. ಅದನ್ನೂ ಬಿಡಿ, ಎಂಟು ಗಂಟೆಯ ದಿನದಲ್ಲಿ 480 ನಿಮಿಷ, 38ರಿಂದ ಭಾಗಿಸಿದರೆ ದಿನಕ್ಕೆ 12 ಮರ್ಜ್. ಬರುತ್ತಿದ್ದುದು 30. ಈ ಲೆಕ್ಕವನ್ನು ಸೆಟ್ಟಿಂಗ್ ಹಾಕುವ ಮುನ್ನ ಯಾರೂ ಹಾಕಿರಲಿಲ್ಲ. ಹತ್ತು ದಿನದಲ್ಲಿ ತೆಗೆದುಹಾಕಿದರು.

ಆಮೇಲೆ ವಾರಕ್ಕೊಬ್ಬರು ಸರದಿಯಲ್ಲಿ ಮರ್ಜ್ ನೋಡಿಕೊಳ್ಳುವ ಪದ್ಧತಿ ಬಂತು. ಅವರು ನಾಲ್ಕೈದು ಪಿಆರ್‌ಗಳನ್ನು ಒಂದು ತಾತ್ಕಾಲಿಕ ಬ್ರಾಂಚಿಗೆ ಸೇರಿಸಿ, ಟೆಸ್ಟ್ ಓಡಿಸಿ, ಹಸಿರಾದರೆ ಮೇನ್‌ಗೆ ತಳ್ಳಬೇಕು. ಸರದಿ ಬಂದವರಿಗೆ ಆ ವಾರ ಬೇರೆ ಕೆಲಸವೇ ಆಗುತ್ತಿರಲಿಲ್ಲ. ಇದೂ ನಿಂತಿತು. ಆದರೆ ಈ ಸರದಿಯಿಂದ ಒಂದು ಅಮೂಲ್ಯ ವಸ್ತು ಉಳಿಯಿತು: ಕ್ಯೂಎ (ಗುಣಮಟ್ಟ ಪರೀಕ್ಷೆಯ) ತಂಡದ ಒಬ್ಬರು ತಮ್ಮ ವಾರದಲ್ಲಿ ಬಿದ್ದ ಪ್ರತಿ ಟೆಸ್ಟನ್ನೂ ಒಂದು ಶೀಟಿನಲ್ಲಿ ಬರೆದಿಟ್ಟರು. ಟೆಸ್ಟ್‌ನ ಹೆಸರು, ಬಿದ್ದ ಗಂಟೆ, ಯಾವ ರನ್ನರ್ (ಟೆಸ್ಟ್ ಓಡಿಸಿದ ಯಂತ್ರ), ಕೋಡ್ ಮುಟ್ಟದೆ ಮತ್ತೆ ಓಡಿಸಿದಾಗ ಪಾಸಾಯಿತೇ ಎಂಬ ನಾಲ್ಕೇ ಕಾಲಂ. ನಂತರ ಬಂದವರೂ ಅದನ್ನು ಮುಂದುವರಿಸಿದರು. ಆಗ ಅದನ್ನು ಯಾರೂ ಓದಲಿಲ್ಲ.

ಬದಲಿಗೆ, ಬಿದ್ದ ಟೆಸ್ಟನ್ನು ಗರಿಷ್ಠ ಮೂರು ಸಲ ತಾನೇ ಓಡಿಸುವ ವ್ಯವಸ್ಥೆ ಮಾಡಿದರು. ಒಂದೇ ದಿನದಲ್ಲಿ ಎಲ್ಲ ಹಸಿರಾಯಿತು, ಎಲ್ಲರಿಗೂ ಸಮಾಧಾನವಾಯಿತು. ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯದ ತೀರ್ಮಾನ ಇದೇ. ಐದರಲ್ಲಿ ಒಂದು ಸಲ ಬೀಳುವ ಟೆಸ್ಟ್‌ಗೆ ಮೂರು ಅವಕಾಶ ಕೊಟ್ಟರೆ ಅದು ಕೆಂಪಾಗಿ ಕಾಣುವುದು 125ಕ್ಕೆ ಒಂದು ಸಲ. ಹಾಗೆ ಕಣ್ಮರೆಯಾದ ಟೆಸ್ಟ್‌ಗಳಲ್ಲಿ ಒಂದು, ಇಬ್ಬರು ಏಕಕಾಲಕ್ಕೆ ಬಿಲ್ ಮಾಡಿದರೆ ಏನಾಗುತ್ತದೆ ಎಂದು ನೋಡುವ ಟೆಸ್ಟ್. ಕೋಡ್ ಇದ್ದದ್ದು ಹೀಗೆ: ಈವರೆಗಿನ ಗರಿಷ್ಠ ಬಿಲ್ ನಂಬರ್ ಓದು, ಒಂದು ಕೂಡಿಸು, ಬರೆ. ಇಬ್ಬರು ಒಂದೇ ಕ್ಷಣದಲ್ಲಿ ಓದಿದರೆ ಇಬ್ಬರಿಗೂ ಒಂದೇ ನಂಬರ್. ಜಿಎಸ್‌ಟಿ ನಿಯಮದಂತೆ ಬಿಲ್ ನಂಬರ್ ಅನುಕ್ರಮವಾಗಿರಬೇಕು, ಆ ಹಣಕಾಸು ವರ್ಷದಲ್ಲಿ ಪುನರಾವರ್ತನೆ ಆಗಬಾರದು, 16 ಅಕ್ಷರ ಮೀರಬಾರದು. ಟೆಸ್ಟ್ ನಿಜವನ್ನೇ ಹೇಳುತ್ತಿತ್ತು, ವ್ಯವಸ್ಥೆ ಅದರ ಬಾಯಿ ಮುಚ್ಚಿಸಿತ್ತು. ಎರಡು ಅಂಗಡಿಗಳಿಂದ ದೂರು ಬಂದ ಮೇಲೆ ಗೊತ್ತಾಯಿತು.

ಕ್ಯೂ, ಮೊದಲ ಸಲ

ಇಷ್ಟಾದ ಮೇಲೆ ಮರ್ಜ್ ಕ್ಯೂ ತರೋಣವೆಂದು ನಿರ್ಧಾರವಾಯಿತು. ಮರ್ಜ್ ಒತ್ತಿದರೆ ಪಿಆರ್ ನೇರ ಮೇನ್‌ಗೆ ಹೋಗುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತದೆ. ಕ್ಯೂ ಒಂದು ತಾತ್ಕಾಲಿಕ ಬ್ರಾಂಚ್‌ನಲ್ಲಿ ಮೇನ್ ಜೊತೆ ಮೊದಲ ಪಿಆರ್, ಇನ್ನೊಂದರಲ್ಲಿ ಮೇನ್ ಜೊತೆ ಮೊದಲ ಮತ್ತು ಎರಡನೆಯದು, ಮತ್ತೊಂದರಲ್ಲಿ ಮೂರೂ ಸೇರಿಸಿ, ಎಲ್ಲವನ್ನೂ ಒಟ್ಟಿಗೇ ಪರೀಕ್ಷಿಸುತ್ತದೆ. ಹಸಿರಾದಂತೆ ಮೇನ್ ಮುಂದಕ್ಕೆ ಸರಿಯುತ್ತದೆ. ಓಪನ್‌ಸ್ಟ್ಯಾಕ್‌ನ ಝೂಲ್ ಒಂದು ದಶಕಕ್ಕೂ ಹಿಂದೆಯೇ ಹೀಗೆ ಮುಂದಾಲೋಚಿಸಿ ಓಡಿಸುತ್ತಿತ್ತು. ರಸ್ಟ್ ಭಾಷೆಯ ಯೋಜನೆ ಬಾರ್ಸ್ ಎಂಬ ಬಾಟ್‌ನಿಂದ, ಪೂರ್ತಿ ಪರೀಕ್ಷೆಯಾಗದ ಯಾವುದೂ ಮುಖ್ಯ ಬ್ರಾಂಚಿಗೆ ಬರದಂತೆ ನೋಡಿಕೊಂಡಿತು. ಗಿಟ್‌ಹಬ್ ತನ್ನದೇ ಮರ್ಜ್ ಕ್ಯೂವನ್ನು 2023ರ ಜುಲೈಯಲ್ಲಿ ಎಲ್ಲರಿಗೂ ಬಿಟ್ಟಿತು. ಖಾಸಗಿ ರೆಪೊಗೆ ಅದು ಬೇಕಾದರೆ ಎಂಟರ್‌ಪ್ರೈಸ್ ಕ್ಲೌಡ್ ಯೋಜನೆ ಇರಬೇಕು. ಈ ಕಂಪನಿಗೆ ಅದು ಇತ್ತು.

ಮೊದಲ ದಿನ ಯಾವ ಪಿಆರೂ ಒಳಗೆ ಹೋಗಲಿಲ್ಲ. ಕ್ಯೂ ತನ್ನ ಬ್ರಾಂಚ್‌ಗೆ ಕಳಿಸುವ ಸೂಚನೆಯ ಹೆಸರು ಮರ್ಜ್_ಗ್ರೂಪ್. ವರ್ಕ್‌ಫ್ಲೋ ಫೈಲಿನಲ್ಲಿ ಪಿಆರ್ ಸೂಚನೆಯ ಪಕ್ಕದಲ್ಲಿ ಇದನ್ನೂ ಬರೆಯದಿದ್ದರೆ ಟೆಸ್ಟ್ ಶುರುವೇ ಆಗುವುದಿಲ್ಲ. ಸಮಯದ ಮಿತಿ 60 ನಿಮಿಷ ಇಟ್ಟಿದ್ದರಿಂದ ಪ್ರತಿ ಪಿಆರ್ ಒಂದು ಗಂಟೆ ಕಾದು ಹೊರಬೀಳುತ್ತಿತ್ತು. ಇದು ಫೈಲಿನಲ್ಲಿ ಒಂದು ಸಾಲು ಬರೆದಾಗ ಸರಿಹೋಯಿತು.

ಸರಿಹೋಗದ್ದು ಗಣಿತ. ಆಗ ನೂರು ರನ್‌ಗಳಲ್ಲಿ ಆರು, ಕೋಡ್‌ನಲ್ಲಿ ತಪ್ಪಿಲ್ಲದೆ ಬೀಳುತ್ತಿದ್ದವು. ಐದು ಪಿಆರ್ ಒಟ್ಟಿಗೆ ಓಡಿದರೆ ಐದೂ ಸುಖವಾಗಿ ಪಾರಾಗುವ ಸಾಧ್ಯತೆ 0.94ರ ಐದನೆಯ ಘಾತ, ಅಂದರೆ ಶೇ 73. ನಾಲ್ಕಕ್ಕೊಂದು ಸಲ ಸಾಲಿನಲ್ಲಿ ಎಲ್ಲೋ ಒಂದು ಸುಳ್ಳು ಕೆಂಪು. ಸಾಲಿನ ತಲೆಯಲ್ಲಿರುವುದು ಬಿದ್ದರೆ ಹಿಂದಿನ ನಾಲ್ಕೂ ಅದನ್ನು ಬಿಟ್ಟು ಹೊಸದಾಗಿ ಓಡಬೇಕು, ಮತ್ತೆ 38 ನಿಮಿಷ. ಕ್ಯೂ ಇಲ್ಲದಾಗ ಸುಳ್ಳು ಕೆಂಪು ಒಬ್ಬರ ತೊಂದರೆ. ಕ್ಯೂ ಬಂದ ಮೇಲೆ ಅದು ಹಿಂದೆ ನಿಂತ ಎಲ್ಲರ ತೊಂದರೆ. 19ನೇ ತಾರೀಖಿನ ಸಂಜೆ ಒಂದು ತುರ್ತು ತಿದ್ದುಪಡಿ ಎರಡು ಗಂಟೆ ಸಾಲಿನಲ್ಲೇ ಉಳಿದಾಗ ಮುಖ್ಯಸ್ಥರು ಅಡ್ಮಿನ್ ಅಧಿಕಾರದಿಂದ ಕ್ಯೂ ದಾಟಿಸಿ ಮರ್ಜ್ ಮಾಡಿದರು. ಆ ಸಂದರ್ಭದಲ್ಲಿ ಅದು ಸರಿಯಾದ ನಿರ್ಧಾರವೇ. ಆದರೆ ಮರುದಿನದಿಂದ ಎಲ್ಲರಿಗೂ ತಮ್ಮ ಪಿಆರ್ ತುರ್ತಾಗಿ ಕಂಡಿತು. ಮೂರನೆಯ ವಾರ ಕ್ಯೂ ಬಂದ್ ಆಯಿತು.

ತಿರುವು

ಕ್ಯೂ ಕೈಬಿಟ್ಟ ಮೇಲಿನ ಸಭೆಯಲ್ಲಿ ಆ ಹಳೆಯ ಶೀಟ್ ತೆರೆದುಕೊಂಡಿತು. ಅದನ್ನು ಗಂಟೆಯ ಪ್ರಕಾರ ಜೋಡಿಸಿದಾಗ ಒಂದು ಗುಂಪು ಎದ್ದು ಕಂಡಿತು: ಒಂದಷ್ಟು ಟೆಸ್ಟ್‌ಗಳು ಮಧ್ಯರಾತ್ರಿ ಮತ್ತು ಬೆಳಗಿನ ಐದೂವರೆ ನಡುವೆ ಮಾತ್ರ ಬೀಳುತ್ತಿದ್ದವು. ರಾತ್ರಿ ಎರಡಕ್ಕೆ ಪೂರ್ತಿ ಟೆಸ್ಟ್ ಓಡುವ ವ್ಯವಸ್ಥೆ ಇತ್ತು. ಬೆಳಿಗ್ಗೆ ಬಂದು ಮತ್ತೆ ಓಡಿಸಿದರೆ ಪಾಸಾಗುತ್ತಿದ್ದುದರಿಂದ ಎಲ್ಲರೂ ‘ನೆಟ್‌ವರ್ಕ್’ ಎಂದು ಬಿಟ್ಟಿದ್ದರು. ಕಾರಣ ಸರಳ. ಬಿಲ್ಲಿನ ತಾರೀಖನ್ನು ಕೋಡ್ ಭಾರತೀಯ ಸಮಯದಲ್ಲಿ ತೆಗೆದುಕೊಳ್ಳುತ್ತಿತ್ತು, ಟೆಸ್ಟ್ ಮಾತ್ರ ರನ್ನರ್‌ನ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ತಾರೀಖಿಗೆ ಹೋಲಿಸುತ್ತಿತ್ತು. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಆ ಐದೂವರೆ ಗಂಟೆ ಇಲ್ಲಿ ನಾಳೆ, ಅಲ್ಲಿ ಇನ್ನೂ ಇವತ್ತು.

ಇದನ್ನು ತಿದ್ದಲು ಕೋಡ್ ಎಲ್ಲೂ ನೇರವಾಗಿ ಈಗಿನ ಸಮಯ ಕೇಳದೆ, ಹೊರಗಿನಿಂದ ಕೊಟ್ಟ ಕ್ಲಾಕ್ ಆಬ್ಜೆಕ್ಟನ್ನು ಬಳಸುವಂತೆ ಮಾಡಿದರು. ಟೆಸ್ಟ್‌ಗಳು ಆ ಕ್ಲಾಕನ್ನು ಮಾರ್ಚ್ 31ರ ರಾತ್ರಿ 11:59ಕ್ಕೂ ಏಪ್ರಿಲ್ 1ರ 12:01ಕ್ಕೂ ಕಟ್ಟಿಹಾಕಿದವು. ಬಿಲ್ ಸರಣಿ ಹಣಕಾಸು ವರ್ಷದೊಂದಿಗೆ ಹೊಸದಾಗುವುದರಿಂದ ನಿಜವಾಗಿ ನೋಡಬೇಕಾದ ಗಳಿಗೆ ಅದೇ.

ಸಭೆಯ ತೀರ್ಮಾನ ಕೆಲಸದ ಕ್ರಮವನ್ನೇ ತಲೆಕೆಳಗು ಮಾಡಿತು: ಮೊದಲು ಟೆಸ್ಟ್‌ಗಳ ಮೇಲೆ ನಂಬಿಕೆ ಬರಲಿ, ಆಮೇಲೆ ವೇಗ, ಕೊನೆಗೆ ಕ್ಯೂ. ಮೂರು ಸಲ ಓಡಿಸುವ ವ್ಯವಸ್ಥೆ ಅಂದೇ ಹೋಯಿತು.

ಶೀಟಿನಿಂದ 41 ಟೆಸ್ಟ್‌ಗಳ ಪಟ್ಟಿ ಸಿಕ್ಕಿತು. ಹೆಚ್ಚಿನವು ಬ್ರೌಸರ್ ಟೆಸ್ಟ್‌ಗಳು, ಪುಟ ಬರುವವರೆಗೆ ಕಾಯುವ ಬದಲು ‘ಎರಡು ಸೆಕೆಂಡ್ ನಿಲ್ಲು’ ಎಂದು ಬರೆದಿದ್ದವು. ಕೆಲವು ಹಿಂದಿನ ಟೆಸ್ಟ್ ಬಿಟ್ಟುಹೋದ ಡೇಟಾವನ್ನು ನಂಬಿದ್ದವು. ಟೆಸ್ಟ್‌ಗಳ ಕ್ರಮವನ್ನು ಪ್ರತಿಸಲ ಕಲಸಿ ಓಡಿಸಿದಾಗ ಅವು ತಾವಾಗಿ ಸಿಕ್ಕಿಬಿದ್ದವು. ಆರು ಟೆಸ್ಟ್‌ಗಳಲ್ಲಿ ತಪ್ಪಿದ್ದದ್ದು ಟೆಸ್ಟ್‌ನಲ್ಲಲ್ಲ, ಕೋಡ್‌ನಲ್ಲಿ. ಬಿಲ್ ನಂಬರ್ ಅವುಗಳಲ್ಲೊಂದು. ಅದಕ್ಕೆ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ (ತಾನೇ ಏರುವ ಸಂಖ್ಯೆ) ಸಾಕೆಂಬ ಸಲಹೆ ಬಂತು, ಆದರೆ ವಹಿವಾಟು ರೋಲ್‌ಬ್ಯಾಕ್ (ನಡುವೆ ರದ್ದು) ಆದರೂ ಸೀಕ್ವೆನ್ಸ್ ಹಿಂದಕ್ಕೆ ಬರುವುದಿಲ್ಲ, ನಂಬರ್ ನಡುವೆ ಖಾಲಿ ಬೀಳುತ್ತದೆ. ಆದ್ದರಿಂದ ಜಿಎಸ್‌ಟಿಐಎನ್ (ವ್ಯಾಪಾರಿಯ ಜಿಎಸ್‌ಟಿ ನೋಂದಣಿ ಸಂಖ್ಯೆ), ಹಣಕಾಸು ವರ್ಷ, ಸರಣಿ ಈ ಮೂರಕ್ಕೆ ಒಂದು ಸಾಲಿರುವ ಕೌಂಟರ್ ಟೇಬಲ್ ಮಾಡಿ, ಬಿಲ್ ಬರೆಯುವ ಅದೇ ವಹಿವಾಟಿನಲ್ಲಿ ಆ ಸಾಲಿಗೆ ಲಾಕ್ ಹಾಕಿ ನಂಬರ್ ತೆಗೆದರು. ಮೇಲೆ, ಒಂದೇ ನಂಬರ್ ಎರಡು ಸಲ ಬರದಂತೆ ತಡೆಯಲು ಒಂದು ಯುನಿಕ್ ಇಂಡೆಕ್ಸ್.

ತಕ್ಷಣ ಸರಿಪಡಿಸಲಾಗದ ಟೆಸ್ಟ್‌ಗೆ ಕ್ವಾರಂಟೈನ್ ಇತ್ತು: ಓಡುತ್ತದೆ, ಫಲಿತಾಂಶ ದಾಖಲಾಗುತ್ತದೆ, ಮರ್ಜ್ ತಡೆಯುವುದಿಲ್ಲ. ಒಟ್ಟು ಹತ್ತಕ್ಕಿಂತ ಹೆಚ್ಚು ಇರಬಾರದು, ಪ್ರತಿಯೊಂದಕ್ಕೂ ಒಬ್ಬ ಜವಾಬ್ದಾರರು, 14 ದಿನದ ಗಡುವು. ಹಣದ ಲೆಕ್ಕ ಮತ್ತು ಬಿಲ್ ನಂಬರ್‌ನ ಟೆಸ್ಟ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ. ಮಿತಿ ಇಲ್ಲದ ಕ್ವಾರಂಟೈನ್ ಸತ್ತ ಟೆಸ್ಟ್‌ಗಳ ಗೋದಾಮಾಗುತ್ತದೆ, ಇದು ಬಹಳ ತಂಡಗಳಲ್ಲಿ ಆಗುವಂಥದ್ದೇ. ಇಂಥ ಟೆಸ್ಟ್ ಸಣ್ಣ ತಂಡಗಳ ಶಾಪವೂ ಅಲ್ಲ: ತನ್ನ ಟೆಸ್ಟ್‌ಗಳಲ್ಲಿ ಸುಮಾರು ಶೇ 16ರಷ್ಟಕ್ಕೆ ಒಂದಲ್ಲ ಒಂದು ಮಟ್ಟದ ಈ ಚಂಚಲತೆ ಇದೆಯೆಂದು ಗೂಗಲ್ 2016ರಲ್ಲೇ ಹೇಳಿಕೊಂಡಿತ್ತು.

ವೇಗ

38 ನಿಮಿಷ ಎಲ್ಲಿ ಹೋಗುತ್ತಿತ್ತೆಂದು ಅಳೆದರು: ಲೈಬ್ರರಿ ಇಳಿಸಲು 5, ಕಂಪೈಲ್ 4, ಡೇಟಾಬೇಸ್ ಟೆಸ್ಟ್ 18, ಬ್ರೌಸರ್ ಟೆಸ್ಟ್ 11. ಲೈಬ್ರರಿಗಳಿಗೆ ಕ್ಯಾಶ್ ಹಾಕಿದ್ದು ಅರ್ಧ ದಿನದ ಕೆಲಸ. ನಿಜವಾದ ಗಂಟು ಇದ್ದದ್ದು ಡೇಟಾಬೇಸ್‌ನಲ್ಲಿ: ಪ್ರತಿ ಟೆಸ್ಟ್ ಕ್ಲಾಸ್ ಖಾಲಿ ಡೇಟಾಬೇಸ್‌ನಿಂದ ಶುರುವಾಗಿ 140ಕ್ಕೂ ಹೆಚ್ಚು ಮೈಗ್ರೇಷನ್‌ಗಳನ್ನು (ಡೇಟಾಬೇಸ್ ರಚನೆ ಬದಲಿಸುವ ಸ್ಕ್ರಿಪ್ಟ್‌ಗಳು) ಒಂದೊಂದಾಗಿ ಓಡಿಸುತ್ತಿತ್ತು. ಅದರ ಬದಲು ಮೈಗ್ರೇಷನ್ ಒಂದೇ ಸಲ ಓಡಿಸಿ, ಆ ಡೇಟಾಬೇಸನ್ನು ಟೆಂಪ್ಲೇಟ್ ಮಾಡಿ, ಪ್ರತಿ ಕ್ಲಾಸ್‌ಗೆ ಅದರ ನಕಲು ಕೊಟ್ಟರು. ಮೊದಲ ಓಟದಲ್ಲೇ, ಮೂಲ ಡೇಟಾಬೇಸನ್ನು ಬೇರೆಯವರು ಬಳಸುತ್ತಿದ್ದಾರೆ ಎಂಬ ದೋಷ ಬಂತು. ಟೆಂಪ್ಲೇಟ್‌ಗೆ ಯಾರೊಬ್ಬರ ಸಂಪರ್ಕ ತೆರೆದಿದ್ದರೂ ಪೋಸ್ಟ್‌ಗ್ರೆಸ್ ನಕಲು ಮಾಡುವುದಿಲ್ಲ, ಇಲ್ಲಿ ಮೈಗ್ರೇಷನ್ ಓಡಿಸಿದ ಕನೆಕ್ಷನ್ ಪೂಲ್ ಬಾಗಿಲು ಮುಚ್ಚಿರಲಿಲ್ಲ. ಪೂಲ್ ಮುಚ್ಚಿ, ಟೆಂಪ್ಲೇಟ್‌ಗೆ ಇನ್ನು ಮುಂದೆ ಸಂಪರ್ಕವೇ ಬೇಡ ಎಂದು ಗುರುತು ಹಾಕಿದ ಮೇಲೆ ಸರಿಯಾಯಿತು. ಟೆಸ್ಟ್ ಡೇಟಾಬೇಸ್‌ಗೆ ಮಾತ್ರ ಎಫ್‌ಸಿಂಕ್ (ಬರೆದದ್ದು ಡಿಸ್ಕ್ ತಲುಪಿತೆಂದು ಖಚಿತಪಡಿಸುವ ಹೆಜ್ಜೆ) ಆಫ್ ಮಾಡಿ, ಡೇಟಾವನ್ನು ಮೆಮೊರಿಯಲ್ಲೇ ಇಟ್ಟರು. 18 ನಿಮಿಷ 8ಕ್ಕೆ ಇಳಿಯಿತು.

ಆಮೇಲೆ ಅದನ್ನು ನಾಲ್ಕು ರನ್ನರ್‌ಗಳಿಗೆ ಹಂಚಿದರು. ಫೈಲುಗಳ ಸಂಖ್ಯೆಯ ಮೇಲೆ ಹಂಚಿದಾಗ ಒಂದು ರನ್ನರ್‌ಗೇ ಬಹುಪಾಲು ಭಾರ ಬಿತ್ತು. ಹಿಂದಿನ ರನ್‌ಗಳ ಸಮಯ ನೋಡಿ ಹಂಚಿದಾಗ ನಾಲ್ಕೂ ಮೂರು ನಿಮಿಷದ ಆಸುಪಾಸಿಗೆ ಬಂದವು. ಎಂಟಕ್ಕೆ ಏರಿಸಿದರೆ ಲಾಭವಿಲ್ಲ: ಪ್ರತಿ ರನ್ನರ್ ಸಿದ್ಧವಾಗಲು ಒಂದು ನಿಮಿಷ ಬೇಕು, ಗಿಟ್‌ಹಬ್ ಪ್ರತಿ ಜಾಬನ್ನೂ ಮೇಲಿನ ಪೂರ್ಣ ನಿಮಿಷಕ್ಕೆ ಏರಿಸಿ ಬಿಲ್ ಮಾಡುತ್ತದೆ. ಸುಮಾರು 200 ಬ್ರೌಸರ್ ಟೆಸ್ಟ್‌ಗಳಲ್ಲಿ 14ನ್ನು ಮಾತ್ರ ಮರ್ಜ್‌ಗೆ ಮುಂಚೆ ಉಳಿಸಿಕೊಂಡರು: ಲಾಗಿನ್, ಬಿಲ್ ಮಾಡುವುದು, ರಿಟರ್ನ್ ತಯಾರಿ, ಹಣ ಪಾವತಿ. ಉಳಿದದ್ದು ಮೇನ್‌ನಲ್ಲಿ ಗಂಟೆಗೊಮ್ಮೆ. ಈ ಆಯ್ಕೆಗೆ ಕ್ಯೂಎ ತಂಡದಿಂದ ಬಲವಾದ ವಿರೋಧವಿತ್ತು, ಅದು ನ್ಯಾಯವಾದದ್ದೇ. 14 ಯಾವುವೆಂದು ಅವರೇ ಆರಿಸಲಿ ಎಂದಾಗ ಒಪ್ಪಿಗೆಯಾಯಿತು. ಒಟ್ಟು ಸಮಯ 9 ನಿಮಿಷ.

ಕ್ಯೂ, ಎರಡನೆಯ ಸಲ

ಈಗ ಸುಳ್ಳು ಕೆಂಪು ಇನ್ನೂರು ರನ್‌ಗೆ ಒಂದು. ಐದರ ಸಾಲು ಸುಖವಾಗಿ ಪಾರಾಗುವ ಸಾಧ್ಯತೆ ಶೇ 97 ದಾಟಿತು. ಏಕಕಾಲಕ್ಕೆ ಐದು, ಗುಂಪು ತುಂಬಲಿ ಎಂದು ಕಾಯುವುದು ಬೇಡ, ಸಮಯದ ಮಿತಿ 25 ನಿಮಿಷ ಎಂದು ಇಟ್ಟರು. ಆದರೂ ಮೂರು ಬಲೆಗಳು ಕಾದಿದ್ದವು. ಮೂರೂ ಬೇರೆ ತಂಡಗಳಿಗೆ ಎದುರಾಗುವಂಥವು.

ಒಂದನೆಯದರಿಂದ ಟೆಸ್ಟ್ ಬಿದ್ದ ಪಿಆರೇ ಮರ್ಜ್ ಆಯಿತು. ಎಲ್ಲ ಜಾಬ್‌ಗಳ ಕೊನೆಗೆ ‘ಗೇಟ್’ ಎಂಬ ಒಂದು ಜಾಬ್ ಇಟ್ಟು, ಅದನ್ನು ಮಾತ್ರ ಕಡ್ಡಾಯ ಮಾಡಿದ್ದರು. ಗೇಟ್ ಮಿಕ್ಕ ಜಾಬ್‌ಗಳ ಮೇಲೆ ಅವಲಂಬಿತ. ಅವುಗಳಲ್ಲಿ ಒಂದು ಬಿದ್ದರೆ ಗೇಟ್ ಬೀಳುವುದಿಲ್ಲ, ಓಡದೆ ಸ್ಕಿಪ್ ಆಗುತ್ತದೆ. ಸ್ಕಿಪ್ ಆದ ಜಾಬನ್ನು ಗಿಟ್‌ಹಬ್ ಪಾಸೆಂದೇ ಎಣಿಸುತ್ತದೆ! ಗೇಟ್‌ಗೆ ‘ಆಲ್ವೇಸ್’ ಷರತ್ತು ಹಾಕಿ ಅದು ಯಾವಾಗಲೂ ಓಡುವಂತೆ ಮಾಡಬೇಕು, ಒಳಗೆ ಪ್ರತಿ ಜಾಬ್‌ನ ಫಲಿತಾಂಶ ನೋಡಿ, ಒಂದಾದರೂ ಬಿದ್ದಿದ್ದರೆ ಅಥವಾ ರದ್ದಾಗಿದ್ದರೆ ಗೇಟನ್ನು ಬೀಳಿಸಬೇಕು. ಇದನ್ನು ಖಚಿತಪಡಿಸಲು ಬೇಕೆಂದೇ ಒಂದು ಟೆಸ್ಟ್ ಕೆಡಿಸಿದ ಪಿಆರನ್ನು ಕ್ಯೂಗೆ ಹಾಕಿ, ಅದು ಹೊರಬೀಳುವುದನ್ನು ಕಣ್ಣಾರೆ ನೋಡಬೇಕು. ಕ್ಯೂ ಹಾಕುವ ಯಾವ ತಂಡವೂ ಈ ಪರೀಕ್ಷೆ ಬಿಡಬಾರದು.

ಎರಡನೆಯದು, ಹೊಸ ಕಮಿಟ್ (ದಾಖಲಾದ ಕೋಡ್ ಬದಲಾವಣೆ) ಬಂದರೆ ಹಳೆಯ ರನ್ ರದ್ದು ಮಾಡುವ ಸೆಟ್ಟಿಂಗ್. ಅದರ ಗುಂಪಿನ ಹೆಸರನ್ನು ಹೆಡ್_ರೆಫ್‌ನಿಂದ (ಪಿಆರ್‌ನ ಬ್ರಾಂಚ್ ಹೆಸರು) ಕಟ್ಟಿದ್ದರು. ಆ ಮೌಲ್ಯ ಪಿಆರ್ ರನ್‌ನಲ್ಲಿ ಮಾತ್ರ ಇರುತ್ತದೆ, ಕ್ಯೂ ರನ್‌ನಲ್ಲಿ ಖಾಲಿ. ಖಾಲಿ ಹೆಸರಿನಿಂದ ಎಲ್ಲ ಕ್ಯೂ ರನ್‌ಗಳೂ ಒಂದೇ ಗುಂಪಾಗಿ ಪರಸ್ಪರ ರದ್ದು ಮಾಡಿಕೊಂಡವು. ಕ್ಯೂ ರನ್‌ಗಳಿಗೆ ಪೂರ್ಣ ರೆಫ್ ಬಳಸಿದಾಗ ನಿಂತಿತು.

ಮೂರನೆಯದು ಮೈಗ್ರೇಷನ್. ತಂಡ ಅದಕ್ಕೆ ಬಳಸುವ ಸಾಧನ ಫ್ಲೈವೇ. ಇಬ್ಬರು ಒಂದೇ ಕ್ರಮಸಂಖ್ಯೆ ಕೊಟ್ಟರೆ ಕ್ಯೂ ಹಿಡಿಯುತ್ತಿತ್ತು. ಆ ಜಗಳವೇ ಬೇಡವೆಂದು ಸಂಖ್ಯೆಯ ಬದಲು ದಿನ ಮತ್ತು ಗಂಟೆಯನ್ನು ಹೆಸರಾಗಿಸಿದರು. ಸೋಮವಾರ ಬರೆದ ಮೈಗ್ರೇಷನ್ ಗುರುವಾರ ಮರ್ಜ್ ಆಯಿತು. ನಡುವೆ ಬುಧವಾರದ ಹೆಸರಿನದು ಸ್ಟೇಜಿಂಗ್‌ನಲ್ಲಿ ಓಡಿಯಾಗಿತ್ತು. ಮುಂದಿನ ಹೆಜ್ಜೆ ಇಟ್ಟ ಮೇಲೆ ಹಿಂದಿನದು ಬಂದರೆ ಫ್ಲೈವೇ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಒಪ್ಪುವುದಿಲ್ಲ. ಡಿಪ್ಲಾಯ್ ನಿಂತಿತು. ಟೆಸ್ಟ್‌ನಲ್ಲಿ ಡೇಟಾಬೇಸ್ ಸದಾ ಖಾಲಿಯಿಂದ ಶುರುವಾಗುವುದರಿಂದ ಅಲ್ಲಿ ಇದು ಎಂದೂ ಕಾಣುವುದಿಲ್ಲ. ಪರಿಹಾರ, ಗೇಟ್‌ಗೆ ಹತ್ತು ಸಾಲಿನ ಒಂದು ಸ್ಕ್ರಿಪ್ಟ್: ಪಿಆರ್ ತರುವ ಮೈಗ್ರೇಷನ್‌ನ ಹೆಸರು, ಅದರ ಮುಂದಿರುವ ಎಲ್ಲಕ್ಕಿಂತ ದೊಡ್ಡದಾಗಿರಬೇಕು. ಕ್ಯೂನಲ್ಲಿ ಆ ‘ಮುಂದಿರುವುದು’ ಸಾಲಿನಲ್ಲಿರುವ ಪಿಆರ್‌ಗಳನ್ನೂ ಒಳಗೊಳ್ಳುವುದರಿಂದ ತಪ್ಪಿಸಿಕೊಳ್ಳಲು ಎಡೆಯಿಲ್ಲ.

ಏನಾಯಿತು

ಒಪ್ಪಿಗೆ ಸಿಕ್ಕ ಪಿಆರ್ ಸಾಮಾನ್ಯವಾಗಿ ಕಾಲು ಗಂಟೆಯಲ್ಲಿ ಮೇನ್ ಸೇರುತ್ತಿದೆ. ‘ಯಾರೂ ಮರ್ಜ್ ಮಾಡಬೇಡಿ’ ಸಂದೇಶ ನಿಂತಿದೆ. ತುರ್ತು ತಿದ್ದುಪಡಿಗೆ ಸಾಲಿನ ತಲೆಗೆ ಹಾರುವ ಆಯ್ಕೆ ಇದೆ. ಹಾರಿದರೆ ಓಡುತ್ತಿರುವ ಉಳಿದವು ಮತ್ತೆ ಓಡಬೇಕಾಗುತ್ತದೆ, 9 ನಿಮಿಷಕ್ಕೆ ಅದು ತಡೆದುಕೊಳ್ಳಬಹುದಾದ ಬೆಲೆ. ಕ್ಯೂ ದಾಟುವ ಅಧಿಕಾರ ಇಬ್ಬರಿಗೆ ಮಾತ್ರ, ಬಳಸಿದ ದಿನವೇ ಕಾರಣ ಬರೆಯಬೇಕು. ಪಿಆರ್‌ಗಳು ಚಿಕ್ಕವಾದವು, ಇದನ್ನು ಯಾರೂ ಆದೇಶಿಸಿರಲಿಲ್ಲ. ರನ್ನರ್ ಖರ್ಚು ಕಡಿಮೆಯಾಗಲಿಲ್ಲ, ಸುಮಾರು ಐದನೆಯ ಒಂದು ಭಾಗ ಹೆಚ್ಚೇ ಆಯಿತು, ಏಕೆಂದರೆ ಪ್ರತಿ ಪಿಆರ್ ಈಗ ಒಮ್ಮೆ ತನ್ನಲ್ಲಿ, ಒಮ್ಮೆ ಕ್ಯೂನಲ್ಲಿ ಓಡುತ್ತದೆ. ಗಂಟೆಗೊಮ್ಮೆಯ ಬ್ರೌಸರ್ ಟೆಸ್ಟ್ ಬಿದ್ದರೆ ಹಿಂದಿನ ಹಸಿರಿನಿಂದ ಈಚಿನ ಕಮಿಟ್‌ಗಳಲ್ಲಿ ಯಾವುದರದು ತಪ್ಪು ಎಂದು ಗಿಟ್ ಬೈಸೆಕ್ಟ್ ತಾನೇ ಹುಡುಕುತ್ತದೆ. ಎಂಟು ಕಮಿಟ್ ಇದ್ದರೆ ಮೂರು ರನ್. ಈ ಭಾಗ ಇನ್ನೂ ನಿಧಾನ.

ಇದನ್ನು ನೋಡಿ ಕ್ಯೂ ಹಾಕಲು ಹೊರಡುವ ತಂಡ ಮೊದಲು ಮಾಡಬೇಕಾದದ್ದು ಒಂದು ಗುಣಾಕಾರ: ದಿನದ ಪಿಆರ್ ಸಂಖ್ಯೆಯನ್ನು ಟೆಸ್ಟ್ ನಿಮಿಷದಿಂದ ಗುಣಿಸಿ, 480ಕ್ಕೆ ಹೋಲಿಸಬೇಕು. ಈ ತಂಡಕ್ಕೆ ಒಂಬತ್ತು ಜನರಿದ್ದಾಗ ಅದು 72. ಅಷ್ಟಕ್ಕೆ ಬ್ರಾಂಚ್ ಅಪ್‌ಡೇಟ್ ಕಡ್ಡಾಯ ಮಾಡುವ ಸೆಟ್ಟಿಂಗೇ ಧಾರಾಳ, ಕ್ಯೂ ಬೇಡ. ಗುಣಲಬ್ಧ 240 ದಾಟುವಾಗ ತಯಾರಿ ಶುರು ಮಾಡಬೇಕು. ಎರಡನೆಯದು, ಎರಡು ವಾರ ಆ ನಾಲ್ಕು ಕಾಲಂ ಶೀಟ್ ತುಂಬಿ ಸುಳ್ಳು ಕೆಂಪಿನ ಪ್ರಮಾಣ ತಿಳಿಯಬೇಕು. ನೂರಕ್ಕೆ ಒಂದಕ್ಕಿಂತ ಹೆಚ್ಚಿದ್ದರೆ ಕ್ಯೂವಿನ ಸೆಟ್ಟಿಂಗ್ ಪುಟ ತೆರೆಯುವ ಸಮಯ ಇನ್ನೂ ಬಂದಿಲ್ಲ.